ಉಸಿರು ಬಿಗಿಹಿಡಿದ ಬೀದಿಯ ಅಳತೆ

ಸಂಪರ್ಕ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನಮ್ಮ ಬೀದಿಗೆ ಇಂಟರ್ನೆಟ್ ಒದಗಿಸುವ ಹಕ್ಕನ್ನು ಇನ್ನೂ ಹತ್ತು ವರ್ಷ ಅದೇ ಒಂದು ಕಂಪನಿಯ ಕೈಯಲ್ಲಿ ಬಿಡಲು ನೀವು ತೀರ್ಮಾನಿಸಿದ್ದೀರಿ. ಈ ಸುದ್ದಿಯನ್ನು ನನಗೆ ಮೊದಲು ಹೇಳಿದವನು ರಸ್ತೆಯಾಚೆಯ ಕ್ಷೌರದಂಗಡಿಯವನು. ಹೋದ ಸೋಮವಾರ ಬೆಳಿಗ್ಗೆ, ನನ್ನ ಎಡಗೆನ್ನೆ ಬೋಳಿಸಿ, ಬಲಗೆನ್ನೆಗೆ ನೊರೆ ಬಳಿದು, ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು ಹೇಳಿದ. ಕತ್ತಿ ಹಿಡಿದವನ ಮಾತನ್ನು ನಾನು ಯಾವಾಗಲೂ ಪೂರ್ತಿ ಕೇಳುತ್ತೇನೆ.

“ಅಜ್ಜಾ, ನಿಮ್ಮ ಬೀದಿಗೆ ಎರಡನೇ ಕಂಪನಿ ಬೇಡವಂತೆ. ಈಗಿರೋದೇ ಭರ್ಜರಿ ಸ್ಪೀಡಂತೆ. ಆಫೀಸಿನೋರು ಬಂದು ಅಳೆದು ಬರೆದಿದ್ದಾರಂತೆ. ಅದ್ಯಾವ ಗಳಿಗೇಲಿ ಅಳೆದ್ರೋ, ಆ ದೇವರಿಗೇ ಗೊತ್ತು.”

ದೇವರ ವಿಷಯ ನಾನು ಹೇಳಲಾರೆ. ನನಗಂತೂ ಗೊತ್ತಿತ್ತು. ನೊರೆಯ ಕೆಳಗೆ ನನ್ನ ಮುಖ ಬಿಳಿಚಿಕೊಂಡದ್ದು ಅವನಿಗೆ ಕಾಣಲಿಲ್ಲ, ಅಷ್ಟೇ.

“ಅದಕ್ಕಿಂತ ದೊಡ್ಡ ವಿಷಯ ಕೇಳಿ,” ಎಂದ. “ಟೈಲರ್ ಅಕ್ಕ ಅಂಗಡಿ ಮುಚ್ಚಿ ಹೊರಟುಹೋಗ್ತಾಳಂತೆ. ನಿನ್ನೆ ಇದೇ ಕುರ್ಚೀಲಿ ಕೂತು ಬರೆದು ತೋರಿಸಿದ್ಲು. ನಾನು ಓದಿ ಮುಗಿಸೋದ್ರೊಳಗೆ ಅಳಿಸಿಬಿಟ್ಲು.”

ಟೈಲರ್ ಅಕ್ಕ ಯಾರೆಂದು ನಿಮ್ಮ ಕಡತದಲ್ಲಿ ಇಲ್ಲ. ಅಲ್ಲಿ ಅವಳು ‘ದೂರುದಾರರು, ಕ್ರಮಸಂಖ್ಯೆ ಹದಿನೇಳು’. ನಮಗೆ ಅವಳು ಇಪ್ಪತ್ತೆರಡು ವರ್ಷದಿಂದ ಬೀದಿಯ ತುದಿಯ ಅಂಗಡಿಯಲ್ಲಿ ಕೂತು ನಲವತ್ತೆರಡು ಮನೆಯವರ ಮೈ ಅಳತೆ ಬಲ್ಲವಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ. ಗಿರಾಕಿಗಳೊಂದಿಗೆ ಅವಳ ವ್ಯವಹಾರವೆಲ್ಲ ಒಂದು ಕರಿ ಬಟ್ಟೆಯ ತುಂಡಿನ ಮೇಲೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ, ನೀವು ಓದುತ್ತೀರಿ, ಅವಳು ಅಂಗೈಯಿಂದ ಒರೆಸುತ್ತಾಳೆ. ಇನ್ನೊಂದು ಪದ್ಧತಿ ಇದೆ ಅವಳದು. ಅಳತೆ ಕೊಡುವಾಗ ನನ್ನಂಥ ಹೊಟ್ಟೆಯವರು ಸಹಜವಾಗಿ ಉಸಿರೆಳೆದುಕೊಂಡು ಸೆಟೆದು ನಿಲ್ಲುತ್ತಾರಲ್ಲ, ಆಗ ಟೇಪು ಮುಟ್ಟುವುದೇ ಇಲ್ಲ. ಹೊಟ್ಟೆಯ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿ ಕಾಯುತ್ತಾಳೆ. ಉಸಿರು ಹೊರಗೆ ಬಂದು, ಹೊಟ್ಟೆ ತನ್ನ ಜಾಗಕ್ಕೆ ತಾನು ವಾಪಸ್ಸು ಬಂದ ಮೇಲೆಯೇ ಅಳತೆ. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಅಕ್ಕನಿಗೆ ಒಬ್ಬಳೇ ತಂಗಿ. ಅವಳಿಗೂ ಕಿವಿ ಕೇಳಿಸುವುದಿಲ್ಲ. ಅಮ್ಮ ಬೇಗ ತೀರಿಕೊಂಡದ್ದರಿಂದ ತಂಗಿಯನ್ನು ಬೆಳೆಸಿದವಳು ಅಕ್ಕನೇ. ತಂಗಿ ಈಗ ಎರಡು ದಿನದ ದಾರಿ ದೂರದ ಊರಿನಲ್ಲಿದ್ದಾಳೆ, ಅಲ್ಲಿನ ಒಂದು ಮುದ್ರಣಾಲಯದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಾಳೆ. ಚೊಚ್ಚಲ ಬಸುರಿ. ಬರುವ ತಿಂಗಳು ಹೆರಿಗೆ. ಇಬ್ಬರೂ ಮಾತಾಡುವುದು ಕೈಯಲ್ಲಿ, ಅಂದರೆ ವಿಡಿಯೋ ಕಾಲ್‌ನಲ್ಲಿ.

ನಿಮ್ಮ ನನ್ನ ಫೋನ್ ಮಾತು ಎಷ್ಟೇ ಕಳಪೆ ಲೈನಿನಲ್ಲೂ ಹೇಗೋ ದಾಟಿಬಿಡುತ್ತದೆ. ‘ಹಲೋ ಹಲೋ’ ಎಂದು ಕಿರುಚಿಕೊಂಡಾದರೂ ಸುದ್ದಿ ಮುಟ್ಟಿಸುತ್ತೇವೆ. ಕೈಮಾತಿಗೆ ಕಿರುಚಲು ಬರುವುದಿಲ್ಲ. ಚಿತ್ರ ನಿಂತರೆ ಮಾತು ನಿಂತಿತು. ಅವರ ಮಾತು ಇರುವುದು ಬರೀ ಬೆರಳಿನಲ್ಲೂ ಅಲ್ಲ. ಪ್ರಶ್ನೆ ಹುಬ್ಬಿನಲ್ಲಿದೆ, ತಮಾಷೆ ತುಟಿಯ ಅಂಚಿನಲ್ಲಿದೆ, ಸಿಟ್ಟು ಕೆನ್ನೆಯಲ್ಲಿದೆ. ನಮ್ಮ ಬೀದಿಯ ಸಂಜೆಯ ವೇಗದಲ್ಲಿ ಮುಖವೆಂಬುದು ಕಲಸಿದ ಹಿಟ್ಟಿನಂತೆ ಕಾಣುತ್ತದೆ. ಹಾಗಾಗಿ ಇಬ್ಬರೂ ಮಾತನ್ನು ಮೊಟಕು ಮಾಡುತ್ತಾ ಬಂದರು. ದೊಡ್ಡ ದೊಡ್ಡ ಸನ್ನೆ ಮಾತ್ರ, ಅದೂ ನಿಧಾನವಾಗಿ. ಊಟ ಆಯಿತಾ, ಆಯಿತು. ಮೈ ಹೇಗಿದೆ, ಚೆನ್ನಾಗಿದೆ. ‘ಎರಡು ವರ್ಷದಿಂದ ತಂಗಿ ನನಗೆ ಒಂದು ಜೋಕೂ ಹೇಳಿಲ್ಲ’ ಎಂದು ಅಕ್ಕ ಒಮ್ಮೆ ಕರಿ ಬಟ್ಟೆಯ ಮೇಲೆ ಬರೆದಿದ್ದಳು. ನಾನು ಓದಿ ನಕ್ಕಿದ್ದೆ. ಅದು ನಗುವ ಮಾತಲ್ಲವೆಂದು ಈಗ ತಿಳಿಯುತ್ತಿದೆ.

ಮೊಬೈಲ್ ನೆಟ್‌ವರ್ಕ್ ಇಲ್ಲವೇ ಎಂದು ನೀವು ಕೇಳುತ್ತೀರಿ. ಗೋದಾಮಿನ ಎತ್ತರದ ಗೋಡೆಯ ಹಿಂದೆ, ತಗ್ಗಿನಲ್ಲಿರುವ ಬೀದಿ ನಮ್ಮದು. ಎರಡು ಕಡ್ಡಿ ಬಂದರೆ ಅಕ್ಕಪಕ್ಕದವರನ್ನು ಕರೆದು ತೋರಿಸುತ್ತೇವೆ.

ಕಡೆಗೆ ಅಕ್ಕ ರಸ್ತೆ ದಾಟಿದಳು. ಎಣಿಸಿ ಹದಿನೆಂಟು ಹೆಜ್ಜೆ. ಆಚೆ ಬದಿಯಲ್ಲಿ ಎರಡು ಕಂಪನಿಗಳಿವೆ. ದಿನಾ ನಾಲ್ಕು ಗಂಟೆಗೆ ಕ್ಷೌರದಂಗಡಿಯ ಕೊನೆಯ ಕುರ್ಚಿಯಲ್ಲಿ ಕೂತು, ಪೌಡರ್ ಡಬ್ಬಿಗೆ ಫೋನು ಒರಗಿಸಿ ತಂಗಿಯೊಡನೆ ಮಾತಾಡುತ್ತಾಳೆ. ಗಂಡಸರು ತುಂಬಿದ ಅಂಗಡಿ, ಎದುರುಬದುರು ಕನ್ನಡಿ, ಕನ್ನಡಿಯ ತುಂಬ ಅವಳ ಕೈಗಳು. ತಂಗಿ ಆ ಕಡೆಯಿಂದ ಪಕ್ಕದ ಗಿರಾಕಿಯ ಕಟಿಂಗ್ ಬಗ್ಗೆ ಏನೋ ಅನ್ನುತ್ತಾಳೆ, ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ಆ ಗಿರಾಕಿ ಗಾಬರಿಯಾಗಿ ಕಿವಿ ಮುಟ್ಟಿ ನೋಡಿಕೊಳ್ಳುತ್ತಾನೆ. ಬಸುರಿಯ ಗುಟ್ಟಿನ ಮಾತು ಬಂದಾಗ ಕ್ಷೌರದವನು ಒಂದು ಬಿಳಿ ಬಟ್ಟೆಯನ್ನು ಅಡ್ಡ ಕಟ್ಟುತ್ತಾನೆ. ವಾರದ ರಜೆಯ ದಿನವೂ ಅವಳಿಗಾಗಿ ಅರ್ಧ ಬಾಗಿಲು ತೆಗೆದಿರುತ್ತಾನೆ. ಇಷ್ಟು ಅನುಕೂಲ ಮಾಡಿಕೊಟ್ಟ ಅವನಿಗೆ ಯಾವ ಪರವಾನಗಿಯೂ ಇಲ್ಲ, ಮಾನ್ಯರೇ. ಪರವಾನಗಿ ಇರುವವರ ಕಥೆ ಮುಂದಿದೆ.

ಹಿಂದೆ ನಮ್ಮ ಬದಿಯಲ್ಲೂ ಎರಡು ಕಂಪನಿಗಳಿದ್ದವು. ದೊಡ್ಡದು ಚಿಕ್ಕದನ್ನು ಕೊಂಡಿತು. ನೀವು ಸಹಿ ಹಾಕಿದಿರಿ. ತಂತಿ ಹಾಯುವ ನೆಲದಡಿಯ ಕೊಳವೆಯ ಹಕ್ಕೂ ಅದಕ್ಕೇ ಹೋಯಿತು. ಬೀದಿ ನಮ್ಮದು, ಕೊಳವೆ ಸರ್ಕಾರದ್ದು, ಬೀಗ ಮಾತ್ರ ಕಂಪನಿಯದು. ಅಲ್ಲಿಂದ ಈಚೆಗೆ ಮೂರು ಸಲ ದರ ಏರಿದೆ, ವೇಗ ಒಂದು ಸಲವೂ ಏರಿಲ್ಲ. ಅದೇ ಕಂಪನಿ ರಸ್ತೆಯಾಚೆ, ನಾವು ತೆರುವುದರ ಅರ್ಧ ದರಕ್ಕೆ, ನಮ್ಮ ದುಪ್ಪಟ್ಟು ವೇಗ ಕೊಡುತ್ತದೆ. ಅದೇ ತಂತಿ, ಅದೇ ಲೈನ್‌ಮನ್, ಅದೇ ಏಣಿ. ತಂತಿಯೊಳಗಿನ ಬೆಳಕಿಗೆ ರಸ್ತೆ ದಾಟುವಾಗ ಅದೇನು ಹುರುಪು ಬರುತ್ತದೆ? ನಾನೇ ಆ ಲೈನ್‌ಮನ್‌ನನ್ನು ಕೇಳಿದೆ.

“ಆ ಕಡೆ ಬಿಟ್ಟುಹೋಗೋಕೆ ಜಾಗ ಇದೆ ಅಜ್ಜಾ. ನೀವು ಬಿಟ್ಟು ಎಲ್ಲಿಗೆ ಹೋಗ್ತೀರಿ?” ಎಂದ. ಪಾಪ, ಸುಳ್ಳು ಹೇಳದ ಮನುಷ್ಯ. ಅವನನ್ನು ಕೆಲಸದಿಂದ ತೆಗೆಯಬೇಡಿ ಎಂದು ಕಂಪನಿಗೆ ಹೇಳಿ.

ಅಕ್ಕ ಕಂಪನಿಗೆ ಮೂರು ಸಲ ದೂರು ಬರೆದಳು. ಮೂರು ಸಲವೂ ದೂರು ಮುಕ್ತಾಯವಾಯಿತು. ಕಾರಣ: ‘ಖಚಿತಪಡಿಸಿಕೊಳ್ಳಲು ಕರೆ ಮಾಡಲಾಗಿ, ಗ್ರಾಹಕರು ಮಾತನಾಡಲಿಲ್ಲ’. ಇಪ್ಪತ್ತೆರಡು ವರ್ಷದಿಂದ ನಾವೂ ಅವಳು ಮಾತಾಡಿದ್ದನ್ನು ಕೇಳಿಲ್ಲ. ಆದರೂ ಅಂಗಿಯ ಗುಂಡಿ ಎಂದೂ ತಪ್ಪು ಕಡೆ ಬಂದಿಲ್ಲ.

ಕೊನೆಗೆ ನಾವು ನಿಮಗೇ ಬರೆದೆವು. ಬರೆದುಕೊಟ್ಟವನು ನಾನು. ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಪತ್ರ ವಿಂಗಡಿಸಿದವನು, ವಿಳಾಸ ತಪ್ಪುವುದಿಲ್ಲವೆಂಬ ಹೆಮ್ಮೆ ಬೇರೆ. ನಿಮ್ಮಿಂದ ಉತ್ತರ ಬಂತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಧಿಕಾರಿಯೊಬ್ಬರು ಬಂದು ದೂರುದಾರರ ಅಂಗಡಿಯಲ್ಲೇ ವೇಗ ಅಳೆಯುವರು ಎಂದಿತ್ತು. ಬೀದಿಗೆ ಬೀದಿಯೇ ಹಿಗ್ಗಿತು. ಇಲ್ಲಿಂದ ಮುಂದಿನದು ನನ್ನ ತಪ್ಪೊಪ್ಪಿಗೆ.

ನಾನು ಬೆಳೆದದ್ದು ಹಳ್ಳಿಯಲ್ಲಿ. ನಮ್ಮ ಬಾವಿಯ ನೀರು ನೋಡಲು ಯಾರಾದರೂ ದೊಡ್ಡವರು ಬರುತ್ತಾರೆಂದರೆ ಆ ಹೊತ್ತು ಯಾರೂ ಕೊಡ ಇಳಿಸುತ್ತಿರಲಿಲ್ಲ. ನೀರು ಕದಡಬಾರದು, ಬಂದವರಿಗೆ ತಳ ಕಾಣಬೇಕು. ಅದು ಮರ್ಯಾದೆ. ಆ ಮರ್ಯಾದೆ ಅರವತ್ತೆಂಟು ವರ್ಷವಾದರೂ ಮೈಯಿಂದ ಹೋಗಿಲ್ಲ. ಬುಧವಾರ ನಾನು ನಲವತ್ತೆರಡು ಮನೆಯ ಬಾಗಿಲು ತಟ್ಟಿದೆ.

“ನಾಳೆ ಹನ್ನೊಂದಕ್ಕೆ ವೈಫೈ ಆರಿಸಿಬಿಡಮ್ಮ. ಸಾಹೇಬರು ಅಳೀವಾಗ ನಾವು ಅಡ್ಡ ಬರಬಾರದು,” ಎಂದೆ ಟ್ಯೂಷನ್ ಟೀಚರಮ್ಮನಿಗೆ.

“ಹನ್ನೊಂದಕ್ಕೆ ನಂಗೆ ಆನ್‌ಲೈನ್ ಕ್ಲಾಸಿದೆಯಲ್ಲ ಅಜ್ಜ?”

“ಅರ್ಧ ಗಂಟೆ ಮಕ್ಕಳಿಗೆ ಬಿಡುವು ಕೊಡು. ಟೈಲರ್ ಅಕ್ಕನ ಕೆಲಸ.”

“ಅಕ್ಕನಿಗಾದ್ರೆ ಸರಿ. ಮಕ್ಕಳೇನೂ ಬೇಜಾರು ಮಾಡ್ಕೊಳಲ್ಲ ಬಿಡಿ.”

ಒಬ್ಬರೂ ಒಲ್ಲೆ ಎನ್ನಲಿಲ್ಲ. ಗುರುವಾರ ಹನ್ನೊಂದಕ್ಕೆ ನಲವತ್ತೆರಡು ಮನೆಗಳಲ್ಲಿ ವೈಫೈ ದೀಪ ಆರಿತು. ಇಡೀ ಬೀದಿಗೆ ಇರುವುದು ಒಂದೇ ದಪ್ಪ ತಂತಿ, ಎಲ್ಲರೂ ಅದರಿಂದಲೇ ಹಂಚಿಕೊಳ್ಳಬೇಕು. ಹಂಚಿಕೊಳ್ಳುವವರೇ ಇಲ್ಲದಿದ್ದಾಗ ಅಂಗಡಿಯಲ್ಲಿ ಸಾಹೇಬರ ಅಳತೆ ಯಂತ್ರದ ಮುಳ್ಳು ಮೇಲಕ್ಕೆ ಹಾರಿತು. ನಿಮ್ಮ ಸಾಹೇಬರು ಒಳ್ಳೆಯವರು. ಒಂದು ಲೋಟ ನೀರು ಕುಡಿದು, ಮೂರು ಸಲ ಅಳೆದು, ಮೂರನ್ನೂ ಬರೆದುಕೊಂಡರು. ಅವರು ಬರೆಯುತ್ತಿದ್ದಾಗ ಅಕ್ಕ ಪರೀಕ್ಷೆಗೆಂದು ತಂಗಿಗೆ ಕಾಲ್ ಮಾಡಿದಳು. ಎರಡು ವರ್ಷದ ಮೇಲೆ ಮೊದಲ ಸಲ, ಅವಳ ಸ್ವಂತ ಅಂಗಡಿಯಲ್ಲಿ, ತಂಗಿಯ ಮುಖ ಹುಬ್ಬಿನ ಸಮೇತ ಕಾಣಿಸಿತು. ತಂಗಿ ಎದ್ದು ಪಕ್ಕಕ್ಕೆ ತಿರುಗಿ ಹೊಟ್ಟೆ ತೋರಿಸಿ ಏನೋ ಅಂದಳು. ಅಕ್ಕ ನಕ್ಕು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿ ‘ಇದೇನು?’ ಎಂಬಂತೆ ಹುಬ್ಬು ಹಾರಿಸಿದಳು. ನಾನು ದೊಡ್ಡ ಮನುಷ್ಯನ ಹಾಗೆ ಹೆಬ್ಬೆರಳು ಎತ್ತಿ ತೋರಿಸಿದೆ.

ಸಾಹೇಬರು ಹೋದರು. ಹನ್ನೊಂದೂವರೆಗೆ ಮನೆಗಳೆಲ್ಲ ವೈಫೈ ಹಾಕಿಕೊಂಡವು. ತಂಗಿ ನಗುತ್ತಾ ಕೈ ಎತ್ತಿದ್ದವಳು ಹಾಗೆಯೇ ನಿಂತುಬಿಟ್ಟಳು. ಆ ಕೈ ಏನು ಹೇಳಲು ಹೊರಟಿತ್ತೋ ಅಕ್ಕನಿಗೆ ಆಗ ತಿಳಿಯಲಿಲ್ಲ. ನಾಲ್ಕು ಗಂಟೆಗೆ ಅವಳು ಮತ್ತೆ ರಸ್ತೆ ದಾಟಬೇಕಾಯಿತು.

ಅದಾಗಿ ಮೂರು ವಾರಕ್ಕೆ ನಿಮ್ಮ ಆದೇಶ ಬಂತು. ಸುದ್ದಿ ಕೇಳಿದ ಸೋಮವಾರ, ಅರ್ಧ ಗಡ್ಡದಲ್ಲೇ ಕ್ಷೌರದ ಕುರ್ಚಿಯಿಂದ ಎದ್ದು ನಾನು ನೇರ ಅಕ್ಕನ ಅಂಗಡಿಗೆ ಹೋದೆ. ಆರಿಸಲು ಹೇಳಿದವನು ನಾನೇ ಎಂದು ಕರಿ ಬಟ್ಟೆಯ ಮೇಲೆ ಬರೆದೆ. ಉಸಿರು ಕಟ್ಟಿತ್ತು. ಅವಳು ಓದಿದಳು. ಬಯ್ಯುತ್ತಾಳೆಂದುಕೊಂಡೆ. ಅವಳು ಎದ್ದು ಬಂದು ನನ್ನ ಹೊಟ್ಟೆಯ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದಳು. ನಾನು ಉಸಿರು ಬಿಟ್ಟೆ. ಆಮೇಲೆ ಬರೆದಳು: ‘ಬೀದಿ ಉಸಿರು ಬಿಗಿಹಿಡೀತು. ಅವರು ಅಳೆದ್ರು.’ ಒರೆಸಿ ಮತ್ತೆ ಬರೆದಳು: ‘ಈ ಅಳತೆಗೆ ಹೊಲಿದಿದ್ದನ್ನ ಹತ್ತು ವರ್ಷ ತೊಡೋರು ಯಾರು? ನನ್ನ ಕೈಲಾಗಲ್ಲ ಅಜ್ಜ, ತಂಗಿ ಊರಿಗೇ ಹೋಗ್ತೀನಿ. ಹೆರಿಗೆ ಕ್ಷೌರದಂಗಡಿ ತೆಗೆದಿರೋ ಹೊತ್ತು ನೋಡ್ಕೊಂಡು ಬರುತ್ತಾ?’

ಅವಳ ಹಿಂದೆ, ಗೋಡೆಗೆ ಒರಗಿಸಿ, ಹೊಲಿಗೆ ಯಂತ್ರದ ಮೇಲ್ಭಾಗವನ್ನು ಆಗಲೇ ಹಳೆಯ ಕಂಬಳಿಯಲ್ಲಿ ಸುತ್ತಿಟ್ಟಿದ್ದಳು.

ಮಾನ್ಯರೇ, ತಪ್ಪಿನಲ್ಲಿ ನನ್ನ ಪಾಲನ್ನು ನಾನು ಹೊತ್ತಿದ್ದೇನೆ. ನಿಮ್ಮ ಪಾಲು? ನಾನು ಹಳ್ಳಿಯ ಗಮಾರ, ಬಾವಿಗೂ ತಂತಿಗೂ ವ್ಯತ್ಯಾಸ ತಿಳಿಯದವನು. ನೀವು ತಜ್ಞರು. ಮೂರು ದಿನ ಮೊದಲೇ ತಿಳಿಸಿ, ಜನ ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ, ಒಂದೇ ಮನೆಯಲ್ಲಿ ಅಳೆದರೆ ಸಿಗುವುದು ಯಾವ ವೇಗ ಎಂದು ನಿಮಗೆ ಹೊಳೆಯಲಿಲ್ಲವೇ? ಬರುವ ವೇಗವನ್ನಷ್ಟೇ ಬರೆದು ಹೋಗುವ ವೇಗದ, ಅಂದರೆ ಅಪ್‌ಲೋಡಿನ, ಕಲಮನ್ನು ಖಾಲಿ ಬಿಟ್ಟದ್ದೇಕೆ? ಸಿನಿಮಾ ನೋಡುವವನಿಗೆ ಬರುವುದು ಸಾಕು. ಉತ್ತರ ಕೊಡಬೇಕಾದವರಿಗೆ ಹೋಗುವುದೂ ಬೇಕು. ಉತ್ತರ ಕೊಡುವ ಅಭ್ಯಾಸ ಇಲ್ಲದ ಕಚೇರಿಗೆ ಆ ಕಲಮು ಕಾಣದಿದ್ದರೆ ಆಶ್ಚರ್ಯವಿಲ್ಲ ಬಿಡಿ.

ಎರಡನೇ ಕಂಪನಿ ಬಂದರೆ ‘ಬೀದಿ ಅಗೆದು ಸಾರ್ವಜನಿಕರಿಗೆ ಅನನುಕೂಲ’ ಎಂದು ಆದೇಶದಲ್ಲಿದೆ. ಎಂಥ ಕರುಣೆ! ಎರಡು ವರ್ಷದಲ್ಲಿ ಈ ಒಂದೇ ಕಂಪನಿ ನಾಲ್ಕು ಸಲ ಅಗೆದಾಗ ಆ ಕರುಣೆ ರಜೆಯಲ್ಲಿತ್ತೇ? ಕೊಳವೆಯಲ್ಲಿ ಇನ್ನೊಂದು ತಂತಿಗೆ ಜಾಗವಿದೆ ಎಂದು ಲೈನ್‌ಮನ್ನೇ ಹೇಳುತ್ತಾನೆ. ಅಗೆಯಬೇಕಾಗಿಲ್ಲ, ಬೀಗ ತೆಗೆದರೆ ಸಾಕು. ಗಿರಾಕಿ ಬಿಟ್ಟುಹೋಗಬಲ್ಲ ಎಂಬ ಸಣ್ಣ ಭಯ ಒಂದು ಕಂಪನಿಗೆ ಇಲ್ಲದೆ ಹೋದರೆ ದರ ಏಕೆ ಇಳಿಯಬೇಕು, ವೇಗ ಏಕೆ ಏರಬೇಕು? ಈಗ ನಮ್ಮ ಬೀದಿಯಲ್ಲಿ ಬಿಟ್ಟುಹೋಗಬಲ್ಲವಳು ಟೈಲರ್ ಅಕ್ಕ ಒಬ್ಬಳೇ. ಅವಳು ಬಿಟ್ಟುಹೋಗಬೇಕಾಗಿರುವುದು ಕಂಪನಿಯನ್ನಲ್ಲ, ಬೀದಿಯನ್ನೇ.

ಆಕ್ಷೇಪಣೆಗೆ ನೀವು ಕೊಟ್ಟ ಅವಧಿಯಲ್ಲಿ ಹನ್ನೊಂದು ದಿನ ಉಳಿದಿವೆ. ಅಷ್ಟು ದಿನ ಕಾಯುತ್ತೇನೆಂದು ಅಕ್ಕ ಬರೆದುಕೊಟ್ಟಿದ್ದಾಳೆ, ಆ ಒಂದನ್ನು ಮಾತ್ರ ಒರೆಸಿಲ್ಲ. ಅಷ್ಟರೊಳಗೆ ಮತ್ತೆ ಬನ್ನಿ. ಹೇಳದೆ ಬನ್ನಿ. ಸಂಜೆ ಏಳಕ್ಕೆ, ಮಕ್ಕಳು ಪಾಠ ಕೇಳುವಾಗ, ದೊಡ್ಡವರು ಧಾರಾವಾಹಿ ನೋಡುವಾಗ, ಎಲ್ಲರೂ ಉಸಿರಾಡುತ್ತಿರುವಾಗ ಬಂದು ಅಳೆಯಿರಿ. ಹೋಗುವ ವೇಗವನ್ನೂ ಬರೆಯಿರಿ. ಆ ಅಳತೆ ಬರುವವರೆಗೆ ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಬಂದ ಮೇಲೆ ಕೊಳವೆಯ ಬೀಗ ತೆಗೆಸಿ. ಬರೆದುಕೊಟ್ಟ ದೂರನ್ನು ಬರೆದೇ ಇತ್ಯರ್ಥ ಮಾಡಬೇಕೆಂದು ಕಂಪನಿಗೆ ಕಟ್ಟುನಿಟ್ಟಾಗಿ ತಿಳಿಸಿ.

ಇಲ್ಲಿಯವರೆಗೆ ಬರೆದ ಈ ಪತ್ರವನ್ನು ನಿನ್ನೆ ಸಂಜೆ ಕ್ಷೌರದಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಬೀದಿಯ ಅರ್ಧ ಜನ ಬಾಗಿಲಲ್ಲಿ ನಿಂತು ಕೇಳಿದರು. ಟೀಚರಮ್ಮ, “ಅಂದ್ರೆ ಆರಿಸಿದ್ದು ನಾವೇ ಅಲ್ವಾ ಅಜ್ಜ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮನೆಗೆ ಹೋದಳು.

ಇವತ್ತು ಬೆಳಿಗ್ಗೆ ಅಂಚೆ ಪೆಟ್ಟಿಗೆಯ ಕಡೆ ಹೊರಟವನು ಬಾಗಿಲಲ್ಲೇ ನಿಂತುಬಿಟ್ಟೆ. ಮೊದಲು ಟೀಚರಮ್ಮನ ಕಿಟಕಿ, ಅದರ ಪಕ್ಕದ್ದು, ಅದರಾಚೆಯದು. ಬೀದಿಯುದ್ದಕ್ಕೂ ಪ್ರತಿ ಮನೆಯವರೂ ವೈಫೈ ಡಬ್ಬಿಯನ್ನು ಒಳಗಿನಿಂದ ತಂದು, ದೀಪ ಬೀದಿಗೆ ಕಾಣುವಂತೆ ಕಿಟಕಿಯಲ್ಲಿ ಇಟ್ಟಿದ್ದರು. ಇನ್ನು ಯಾರ ಮಾತು ಕೇಳಿಯೂ, ಯಾವ ಸಾಹೇಬರ ಮರ್ಯಾದೆಗೂ ಯಾರೂ ಗುಟ್ಟಾಗಿ ಆರಿಸುವಂತಿಲ್ಲ. ಅಕ್ಕನ ಅಂಗಡಿಯ ಕಿಟಕಿಯಲ್ಲೂ ಒಂದು ಹಸಿರು ದೀಪ ಮಿಣುಕುತ್ತಿತ್ತು. ಒಳಗೆ ಅಕ್ಕನಿರಲಿಲ್ಲ. ತಂಗಿ ಕಾಯುತ್ತಿದ್ದಳೇನೋ, ಇವತ್ತು ನಾಲ್ಕರವರೆಗೂ ತಡೆಯದೆ ಅಕ್ಕ ಆಗಲೇ ರಸ್ತೆ ದಾಟುತ್ತಿದ್ದಳು.

ಇಂತಿ,
ಇಡೀ ಬೀದಿಗೆ ಉಸಿರು ಹಿಡಿಯಲು ಹೇಳಿದ,
ಇನ್ನೂ ಬಲಗೆನ್ನೆಯ ಗಡ್ಡ ಉಳಿಸಿಕೊಂಡಿರುವ
ಒಬ್ಬ ನಿವೃತ್ತ ಅಂಚೆಯವನು