ಬದುಕಿರುವ ಸಿರಿಲ್ ಮಾಮನ ಆತ್ಮಕ್ಕಾಗಿ

ಬಿಕರ್ನಕಟ್ಟೆ, ೧೧ ಜನವರಿ ೧೯೬೦, ಸೋಮವಾರ

ಸೇಡು ತೀರಿತು. ಪೂರ್ತಿ ಅಲ್ಲ, ಮುಕ್ಕಾಲು.

ಅಕ್ಕನ ಮದುವೆಗೆಂದು ಬೊಂಬಾಯಿಯಿಂದ ಬಂದ ಸಿರಿಲ್ ಮಾಮ ನಿನ್ನೆ ನನ್ನ ಹತ್ತು ವರ್ಷದ ತಮ್ಮ ಬೋನಿಗೆ ಬ್ರಾಂಡಿ ಕುಡಿಸಿದರು. "ಗಂಡಸಾಗು ಮಾರಾಯ!" ಅಂತ ಲೋಟ ಬಾಯಿಗಿಟ್ಟರು. ಅವನು ತೂರಾಡಿ ವಾಂತಿ ಮಾಡಿದ. ಪಪ್ಪನೂ ನಕ್ಕರು. ನನಗೆ ಅದೇ ಹೆಚ್ಚು ಉರಿ. ಬೆಳಿಗ್ಗೆ ಬೋನಿ ಕೇಳ್ತಾನೆ, "ಮಾಮ ಪುನಃ ಯಾವಾಗ ಕೊಡ್ತಾರೆ?"

ಸಂಜೆ ಮನೆಯವರೆಲ್ಲ ಸೇರಿ ಹೇಳುವ ಜಪಸರದ ಪ್ರಾರ್ಥನೆ ಮುಗಿದಾಗ ಎಲ್ಲರೂ ಇನ್ನೂ ಮೊಣಕಾಲೂರಿದ್ದರು. ವಿಶೇಷ ಪ್ರಾರ್ಥನೆಯ ಸರದಿ ನನ್ನದು. ಬಿಷಪರ ಸ್ವರ ತೆಗೆದೆ: "ಸಣ್ಣ ಹುಡುಗನಿಗೆ ಕುಡಿಸಿದ ಸಿರಿಲ್ ಮಾಮನ ಆತ್ಮಕ್ಕಾಗಿ ಒಂದು ಪರಲೋಕ ಮಂತ್ರ. ನೋಡಿ ನಕ್ಕವರಿಗಾಗಿ ಇನ್ನೊಂದು."

ಪ್ರಾರ್ಥನೆ ಅರ್ಧಕ್ಕೆ ಬಿಟ್ಟು ಏಳಲಿಕ್ಕುಂಟಾ? ಸತ್ತವರಿಗೆ ಹೇಳುವ ಹಾಗೆ ಮಾಮ ಬದುಕಿದ್ದೇ ತನ್ನ ಆತ್ಮಕ್ಕೆ ತಾನೇ ಗೊಣಗಬೇಕಾಯಿತು. ಅಮ್ಮನ ಆಮೆನ್ ರಸ್ತೆಗೇ ಕೇಳಿತು.

ಪೆಟ್ಟು ಖಂಡಿತ ಎಂದುಕೊಂಡೆ. ಪಪ್ಪ ಎದ್ದು ಬ್ರಾಂಡಿ ಬಾಟ್ಲಿಯನ್ನು ಕಪಾಟಿಗೆ ಹಾಕಿ ಬೀಗ ಜಡಿದರು. "ಮದುವೆಯಲ್ಲಿ ಬೋನಿ ನನ್ನ ಪಕ್ಕ ಕೂರ್ತಾನೆ. ನಾನೂ ಶರಬತ್ತೇ ಕುಡಿಯುದು," ಅಂದರು, ಯಾರ ಮುಖವನ್ನೂ ನೋಡದೆ.

ಮದುವೆ ಮುಗಿಯುವವರೆಗೆ ಮಾಮ ಇಲ್ಲೇ. ಜಪಸರ ದಿನಾ ಉಂಟು. ನಾಳೆಯದ್ದು ಇನ್ನೂ ಉದ್ದ ಇರಬೇಕು, ಅವರ ಮೊಣಕಾಲು ನೋಯುವಷ್ಟು... ನಿದ್ದೆ ಬಂತು.