ಬಾಗಿಲ ಮೇಲಿನ ತಲೆಬುರುಡೆ

ಹುಲ್ಲಿನ ಗೋದಾಮು, ಹಿಂದಿನ ಕೋಣೆ
ಡಿಸೆಂಬರ್ ೯, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ

ನನ್ನ ಮುದ್ದಿನ ಅಕ್ಕಾ,

ವಿಷದ ಗ್ಯಾಸ್ ತುಂಬಿರುವ ಕಂಟೇನರಿಗೆ "ಗಾಳಿಯಾಡಿಸಿದೆ, ಅಪಾಯವಿಲ್ಲ" ಎಂದು ಬರೆದು ನಮ್ಮ ಚಿಕ್ಕಪ್ಪ ಸಹಿ ಹಾಕಿದ್ದಾರೆ. ಮೊದಲು ನಿನ್ನ ಕೆಮ್ಮು ಹೇಗಿದೆ ಎಂದು ಕೇಳಬೇಕಿತ್ತು. ಹೇಗಿದೆ? ರಾತ್ರಿ ನಿದ್ದೆ ಬರುತ್ತಿದೆಯಾ? ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಪಿಂಡಿಯ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಹಡಗು ಹತ್ತುವ ಹುಲ್ಲಿನಲ್ಲಿ ಜೀವಂತ ಹುಳ ಇರಬಾರದಲ್ಲ, ಅದಕ್ಕೆ ಕಳೆದ ಮಂಗಳವಾರ ಎಡಬಾಗಿಲು ನೆಗ್ಗಿದ ಆ ನೀಲಿ ಕಂಟೇನರಿಗೆ ಪಿಂಡಿ ತುಂಬಿ, ಹುಳ ಕೊಲ್ಲುವ ಗ್ಯಾಸ್ ಬಿಡುವ ಮಾತ್ರೆಯ ಚೀಲಗಳನ್ನು ನೇತುಹಾಕಿ, ಬಾಗಿಲಿಗೆ ಟೇಪು ಸುತ್ತಿದೆವು. ಎಂದಿನಂತೆ ನಡುವಿನ ಪಿಂಡಿಯೊಳಗೆ ಜಾಲರಿ ಮುಚ್ಚಳದ ಸೀಸೆಯಲ್ಲಿ ಇಪ್ಪತ್ತು ಹುಳ ಇಟ್ಟಿದ್ದೆವು. ಅವು ಸತ್ತರೆ ಉಳಿದವೂ ಸತ್ತಂತೆ. ಈ ವಾರ ಎಂಥ ಚಳಿ! ಚಳಿಯಲ್ಲಿ ಮಾತ್ರೆ ಗ್ಯಾಸ್ ಬಿಡುವುದು ನಿಧಾನ. ಏಳು ದಿನ ಸಾಲದು, ಹತ್ತಾದರೂ ಬೇಕು ಎಂದು ನಾನು ಮಾತ್ರೆಯ ಜೊತೆ ಬಂದ ಕಿರುಪುಸ್ತಕ ತೋರಿಸಿ ಹೇಳಿದ್ದೆ. ಇವತ್ತು ಬೆಳಿಗ್ಗೆ ಸೀಸೆ ತೆಗೆದರೆ ಮೂರು ಹುಳ ಕಾಲಾಡಿಸುತ್ತಿದ್ದವು.

ಮಾಲೀಕ ಒಂದು ಕ್ಷಣವೂ ಯೋಚಿಸಲಿಲ್ಲ. "ಹೊಸ ಮಾತ್ರೆ ಹಾಕಿ ಬಾಗಿಲು ಜಡೀರಿ, ದಾರೀಲೇ ಸಾಯ್ತವೆ" ಅಂದ. ಒಳಗೆ ಗ್ಯಾಸ್ ಇದೆ ಎಂದು ತಿಳಿದರೆ ಬಂದರಿನ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ. ಹಾಗಾಗಿ ವಿಷವಿದೆ ಎಂದು ಎಚ್ಚರಿಸಲು ಬಾಗಿಲಿಗೆ ಅಂಟಿಸಿದ್ದ ತಲೆಬುರುಡೆಯ ಚೀಟಿ ಕೀಳಬೇಕು, ಕಾಗದದಲ್ಲಿ ಸುಳ್ಳು ಬರೆಯಬೇಕು. ನಾನು ಕೂಗಾಡಿದೆ. ದುಡಿಯುವವರ ಉಸಿರು ಯಾರ ಸೊತ್ತೂ ಅಲ್ಲ ಎಂದು ನಾನು ಹಂಚುವ ಕರಪತ್ರದ ಮಾತನ್ನೇ ಹೇಳಿದೆ. ಚಿಕ್ಕಪ್ಪ ಪೆನ್ನಿನ ಮುಚ್ಚಳ ತೆಗೆಯುತ್ತಾ, "ಕರಪತ್ರದ ರಾಣಿ, ಶುಕ್ರವಾರದ ಹಡಗು ನಿನ್ನ ಭಾಷಣ ಕೇಳ್ಕೊಂಡು ನಿಲ್ಲುತ್ತದೇನೇ?" ಅಂದರು. ಎಲ್ಲರೂ ನಕ್ಕರು. ಚಿಕ್ಕಪ್ಪನ ಮುಖದಲ್ಲಿ ಮಾತ್ರ ನಗು ಇರಲಿಲ್ಲ. ಸಹಿ ಹಾಕದಿದ್ದರೆ ಅವರ ಜಾಗಕ್ಕೆ ಬೇರೆಯವನು ಬರುತ್ತಾನೆ, ನನಗೂ ಗೊತ್ತು. ನಮ್ಮಿಬ್ಬರನ್ನು ಸಾಕಿದ ಕೈ ಅದು. ಆದರೂ ಕೋಪ ಇಳಿಯುತ್ತಿಲ್ಲ.

ಕೋಪಕ್ಕಿಂತ ಭಯ ಹೆಚ್ಚು ಅಕ್ಕಾ. ಭಾನುವಾರ ಬಂದ ನಿನ್ನ ಪತ್ರದಲ್ಲಿ ಈ ವಾರ ಬಂದರಿನಲ್ಲಿ ಹುಲ್ಲಿನ ಮಾದರಿ ತೆಗೆಯುವ ಪಾಳಿ ನಿನ್ನದು ಎಂದಿತ್ತು. ಚಿಕ್ಕಪ್ಪನಿಗೆ ಅದನ್ನು ಓದಿ ಹೇಳಿರಲಿಲ್ಲ. ನೀನು ಹೇಗೆ ತೆಗೆಯುತ್ತೀಯ ಎಂದು ನನಗೆ ಗೊತ್ತಿಲ್ಲವೇ? ಒಳಗೆ ಹತ್ತಿ, ಭುಜದವರೆಗೆ ಕೈ ತೂರಿಸಿ, ಹುಲ್ಲಿಗೆ ಕೆನ್ನೆ ಒತ್ತಿ, ಜೋರಾಗಿ ಒಮ್ಮೆ ಮೂಸಿ "ಚೆನ್ನಾಗಿ ಒಣಗಿದೆ" ಎನ್ನುತ್ತೀಯ. ಅದನ್ನು ಕಲಿಸಿದವರೂ ಚಿಕ್ಕಪ್ಪನೇ. ನಿನ್ನ ಪಾಳಿ ನೆನಪಾದಾಗಿನಿಂದ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ಫೋನು ಮಾಲೀಕನ ಮೇಜಿನ ಮೇಲಿದೆ, ಅವನು ಎದ್ದೇಳುತ್ತಿಲ್ಲ. ಲಾರಿ ನಾಳೆ ಹೊರಡುತ್ತದಂತೆ. ಅಷ್ಟರಲ್ಲಿ ಹೇಗಾದರೂ ತಡೆಯುತ್ತೇನೆ. ನೀನು ಸ್ವೆಟರ್ ಹಾಕಿಕೊಂಡು ಓಡಾಡು. ಭಾವನಿಗೆ ನನ್ನ ನಮಸ್ಕಾರ, ಪುಟ್ಟಿಯ ಎರಡೂ ಗಲ್ಲಕ್ಕೆ ಒಂದೊಂದು ಮುತ್ತು.

ನಿನ್ನ ಜಗಳಗಂಟಿ ತಂಗಿ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ನಾಚಿಕೆಯಾಗಿತ್ತು. ಆ ತಲೆಬುರುಡೆಯ ಚೀಟಿ ಕೆರೆದು ತೆಗೆದವಳು ನಾನೇ. ಅಷ್ಟು ಕೂಗಾಡಿದ ಮೇಲೂ, ಮಾಲೀಕ ಚಾಕು ಕೈಗಿಟ್ಟಾಗ ಕೆರೆದೆ. ಆಗ ನಿನ್ನ ಪಾಳಿ ನೆನಪಾಗಲಿಲ್ಲ. ಬೇರೆ ಯಾರೋ ಬಾಗಿಲು ತೆರೆಯುತ್ತಾರೆ ಅಂದುಕೊಂಡೆ. ಬೇರೆ ಯಾರೋ!

ಈಗ ಚಿಕ್ಕಪ್ಪನಿಗೆ ನಿನ್ನ ಪತ್ರ ತೋರಿಸಿದೆ. ಓದಿದವರೇ ಅಂಗಳಕ್ಕೆ ಓಡಿ ಬಂದು, "ಲಾರಿ ಆಗ್ಲೇ ಹೋಯ್ತಲ್ಲೇ ಮಗಳೇ" ಅಂದರು. ನಾಳೆ ಅಂದಿದ್ದನ್ನು ಮಾಲೀಕ ಇವತ್ತೇ ಕಳಿಸಿಬಿಟ್ಟಿದ್ದಾನೆ. ನಾಳೆ ರಾತ್ರಿ ಬಂದರು ಮುಟ್ಟಿ, ಗುರುವಾರ ಎಂಟಕ್ಕೆ ನಿಮ್ಮ ಗೇಟು ತೆರೆದಾಗ ಅದು ಅಲ್ಲಿರುತ್ತದೆ. ಈ ಪತ್ರ ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಗ್ಯಾಸ್ ಅಳೆಯುವ ಮೀಟರೂ ಮುಖವಾಡಗಳೂ ಬೀರುವಿನಲ್ಲಿವೆ, ಕೀಲಿ ಮಾಲೀಕನ ಬಳಿ ಇದೆ, ಚಿಕ್ಕಪ್ಪನ ಕೈಗೆ ಸಿಗುವುದು ನಾಳೆ. ಸಿಕ್ಕ ತಕ್ಷಣ ಇಬ್ಬರೂ ಬಸ್ಸು ಹತ್ತುತ್ತೇವೆ. ನಿಮ್ಮ ಅಧಿಕಾರಿಯ ಮುಂದೆ ಚಿಕ್ಕಪ್ಪನೇ ನಿಜ ಹೇಳುತ್ತಾರಂತೆ. ನಾನೂ ಹೇಳುತ್ತೇನೆ, ಚೀಟಿ ನನ್ನ ಜೇಬಿನಲ್ಲಿದೆ. ನೀಲಿ ಕಂಟೇನರ್, ನೆಗ್ಗಿದ ಎಡಬಾಗಿಲು. ನೀನೂ ಮುಟ್ಟಬೇಡ, ಯಾರನ್ನೂ ಮುಟ್ಟಲು ಬಿಡಬೇಡ. ಗುರುವಾರ ಬೆಳಿಗ್ಗೆ ಏಳು ಗಂಟೆಗೆ, ಗೇಟಿನ ಹೊರಗೆ ನಿಂತಿರು.