ಉಳಿಯುವವರಿಗೆಂದು ಎತ್ತಿಟ್ಟ ಬಾಟಲಿಗಳು

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯಲ್ಲಿ ಎಚ್‌ಐವಿ ಇದ್ದವರು ಜ್ವರವೆಂದು ಬಂದರೆ ಅದು ಯಾವ ಜ್ವರ ಎಂದು ಯಾರೂ ಹುಡುಕುವುದಿಲ್ಲ. ಹುಡುಕದೇ ಹೋದದ್ದರಿಂದ ನನ್ನ ಸೊಸೆ ಸತ್ತಳು.

ಮಗ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಅವನಿಂದ ಬಂದ ಕಾಯಿಲೆಗೆ ಮಾತ್ರೆ ನುಂಗುತ್ತಲೇ ಅವಳು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡಿ ನನ್ನನ್ನು ಸಾಕಿದಳು. ಜ್ವರ ಏರಿದ ದಿನವೂ ನಕ್ಕಳು: "ಅತ್ತೆ, ಇವತ್ತು ಕರೆಂಟೇ ಬೇಡ. ಬಟ್ಟೆ ನನ್ನ ಮೈಮೇಲೆ ಹಾಸಿ, ಇಸ್ತ್ರಿ ಆಗುತ್ತೆ."

ವಾರ್ಡಿಗೆ ಸೇರಿಸಿದಾಗ ನಿಮ್ಮ ಹಿರಿಯ ವೈದ್ಯರು ಮಂಚದ ಕಾಲ ಬಳಿ ನಿಂತು, "ಇಂಥವರಿಗೆ ಜ್ವರ ಮಾಮೂಲು ಕಣಮ್ಮ" ಎಂದು ಮುಂದೆ ಹೋದರು. ಮೊದಲು ಮಲೇರಿಯಾ ಇರಬಹುದೆಂದು ಒಂದು ಔಷಧಿ, ಆಮೇಲೆ ಕ್ಷಯವಿರಬಹುದೆಂದು ಇನ್ನೊಂದು. ಕತ್ತಲಲ್ಲಿ ಕಲ್ಲೆಸೆಯುವುದಕ್ಕೂ ಚಿಕಿತ್ಸೆ ಎನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ಹೊಸದಾಗಿ ಬಂದ ವೈದ್ಯೆಯೊಬ್ಬಳು ಮಾತ್ರ ಪಕ್ಕದಲ್ಲಿ ಕೂತು ಹೇಳಿದಳು: "ಅಮ್ಮ, ರಕ್ತದಲ್ಲೇ ಸೋಂಕು ಸೇರಿರಬಹುದು. ರಕ್ತ ತೆಗೆದು ಕಲ್ಚರ್‌ಗೆ ಕಳಿಸಬೇಕು. ಯಾವ ಕ್ರಿಮಿ, ಅದು ಯಾವ ಔಷಧಿಗೆ ಸಾಯುತ್ತೆ ಅಂತ ಆಗ ಗೊತ್ತಾಗುತ್ತೆ."

ಅದಕ್ಕೆ ಬೇಕಾದ ಬಾಟಲಿ ಕೇಳಲು ಹೋದೆ. ಸಿಸ್ಟರ್ ದನಿ ತಗ್ಗಿಸಿದರು: "ಕೆಲವೇ ಇವೆ ಅಮ್ಮ. ಉಳಿಯೋ ರೋಗಿಗಳಿಗೆ ಅಂತ ಎತ್ತಿಡೋಕೆ ಮೇಲಿನವರು ಹೇಳಿದ್ದಾರೆ."

ನಡುವೆ ಇದ್ದದ್ದು ಪರದೆ, ಗೋಡೆಯಲ್ಲ. ಸೊಸೆ ಕೇಳಿಸಿಕೊಂಡಳು. ಆಮೇಲೆ ಅವಳು ತಮಾಷೆ ಮಾಡಲಿಲ್ಲ.

ಯಾರು ಉಳಿಯುತ್ತಾರೆಂದು ಪರೀಕ್ಷೆಗೆ ಮೊದಲೇ ಕಾಣುವ ದಿವ್ಯದೃಷ್ಟಿ ನಿಮಗಿದ್ದರೆ, ಸ್ವಾಮಿ, ಪ್ರಯೋಗಾಲಯವಾದರೂ ಯಾಕೆ? ಗೇಟಿನಲ್ಲೇ ಕುರ್ಚಿ ಹಾಕಿಸಿಕೊಂಡು ಭವಿಷ್ಯ ಹೇಳಿ ಕಳಿಸಬಾರದೇ? ಬಾಟಲಿ ಸಿಗದವರು ಸಾಯುತ್ತಾರೆ. ಸತ್ತರು ನೋಡಿ, ನಮ್ಮ ಲೆಕ್ಕ ಸರಿಯಿತ್ತು ಎನ್ನುತ್ತೀರಿ. ಎಂಥ ಅಚ್ಚುಕಟ್ಟಾದ ನ್ಯಾಯ!

ಕಂಡಕಂಡವರ ಕಾಲು ಹಿಡಿದೆ. ಕೊನೆಗೆ ಆ ವೈದ್ಯೆಯೇ ಬಾಟಲಿ ತಂದು ರಕ್ತ ತೆಗೆದಳು. ಕ್ರಿಮಿ ಸಿಕ್ಕಿತು, ಅದನ್ನು ಕೊಲ್ಲುವ ಔಷಧಿಯೂ ನಿಮ್ಮ ಉಗ್ರಾಣದಲ್ಲೇ ಇತ್ತು. ಅಷ್ಟರಲ್ಲಿ ಸೊಸೆಯ ಕೈಕಾಲು ತಣ್ಣಗಾಗಿ, ಮೂತ್ರ ನಿಂತುಹೋಗಿತ್ತು. "ಅತ್ತೆ, ನಾಳೆ ಬರ್ತೀನಿ ಅಂತ ಅಂಗಡಿಯವರಿಗೆ ಹೇಳಿ" ಎಂದಳು. ಮತ್ತೆ ಮಾತಾಡಲಿಲ್ಲ.

ನಿಮ್ಮ ಸಂತಾಪಕ್ಕಾಗಿ ನಾನು ಬರೆಯುತ್ತಿಲ್ಲ. ಅವಳ ಹೊದಿಕೆ, ಚಪ್ಪಲಿ ಒಯ್ಯಲೆಂದು ಇಂದು ವಾರ್ಡಿಗೆ ಬಂದರೆ, ಅದೇ ಮಂಚದಲ್ಲಿ ಇನ್ನೊಬ್ಬಳಿದ್ದಳು. ಅದೇ ಕಾಯಿಲೆ, ಹಾಗೇ ಸುಡುವ ಮೈ. ಜೊತೆಗೆ ಯಾರೂ ಇಲ್ಲ. "ಅಕ್ಕಾ, ನೀರು" ಎಂದಳು. ಕುಡಿಸಿದೆ. "ಇವಳ ರಕ್ತ ತೆಗೆದ್ರಾ?" ಎಂದು ಸಿಸ್ಟರನ್ನು ಕೇಳಿದೆ. "ಇಲ್ಲ ಅಮ್ಮ" ಎಂದರು.

ಜ್ವರವೆಂದು ದಾಖಲಾಗುವ ಪ್ರತಿಯೊಬ್ಬ ಎಚ್‌ಐವಿ ರೋಗಿಯ ರಕ್ತವನ್ನೂ ಔಷಧಿ ಶುರುಮಾಡುವ ಮೊದಲೇ ಕಲ್ಚರ್‌ಗೆ ಕಳಿಸಬೇಕೆಂದು ಆದೇಶ ಹೊರಡಿಸಿ. ಆದೇಶಕ್ಕೆ ಸಭೆ ಬೇಕಾದರೆ ನಿಧಾನವಾಗಿ ಸೇರಿ. ಈ ಹುಡುಗಿಗೆ ಮಾತ್ರ ಅಷ್ಟು ಪುರುಸೊತ್ತಿಲ್ಲ. ಏದುಸಿರು ಬಿಡುತ್ತಿದ್ದಾಳೆ. ಈಗಲೇ ಯಾರನ್ನಾದರೂ ಕಳಿಸಿ.

ಇಂತಿ,
ಹೊರಗೆ ಹೋಗೆಂದರೂ ಹೋಗದೆ ನಿಮ್ಮ ವಾರ್ಡಿನಲ್ಲೇ ಕೂತಿರುವ,
ಸೊಸೆಯಿಲ್ಲದ ಅತ್ತೆ